ಹವಾಮಾನ ಬದಲಾವಣೆಗೆ ಒಂದು ದೇಶ ಹೊಣೆ ಅನ್ನಬಹುದಾ? ಕಥೋಲಿಕ ಬೋಧನೆ ಏನು ಹೇಳುತ್ತದೆ?

ಸಂಜೆಗಾಳಿ

ಎಲ್ಲರಿಗೂ ನಮಸ್ಕಾರ. ಧರ್ಮಸಭೆಯ (ಅಂದರೆ ಕಥೋಲಿಕ ಚರ್ಚಿನ) ಸಾಮಾಜಿಕ ಬೋಧನೆಯನ್ನು ಚೆನ್ನಾಗಿ ಓದಿಕೊಂಡವರು ಇಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಇಡೀ ಸಭೆಗೆ ಬರೆದ 'ಲೌದಾತೊ ಸಿ' ವಿಶ್ವಪತ್ರದ 51ನೇ ಪ್ಯಾರಾದಲ್ಲಿ ಉತ್ತರದ ಶ್ರೀಮಂತ ದೇಶಗಳ ಮೇಲೆ ದಕ್ಷಿಣದ ಬಡ ದೇಶಗಳಿಗೆ ತೀರಿಸಬೇಕಾದ 'ಪರಿಸರದ ಸಾಲ' ಇದೆ ಎನ್ನುತ್ತಾರೆ. ಮೊದಲ ಓದಿಗೆ ಸರಿ ಅನಿಸಿತು. ಯೋಚಿಸುತ್ತಾ ಹೋದಂತೆ ಸಿಕ್ಕು ಜಾಸ್ತಿ ಆಯಿತು. ನಾವು ಚಿಕ್ಕಂದಿನಿಂದ ಕಲಿತದ್ದು, ಪಾಪ ಮಾಡುವುದು ಮನುಷ್ಯ ಅಂತ. ಪಾಪನಿವೇದನೆಗೆ ಹೋಗುವುದೂ ಮನುಷ್ಯನೇ. ದೇಶ ಬಂದು ಗುರುಗಳ ಮುಂದೆ ಮೊಣಕಾಲೂರುವುದಿಲ್ಲ. ಬೈಬಲಿನ ಪ್ರವಾದಿ ಯೆಹೆಜ್ಕೇಲನ 18ನೇ ಅಧ್ಯಾಯದಲ್ಲಿ ತಂದೆಯ ದೋಷವನ್ನು ಮಗ ಹೊರಬೇಕಾಗಿಲ್ಲ ಅಂತ ಸ್ಪಷ್ಟವಾಗಿಯೇ ಇದೆ. ಹಾಗಿದ್ದರೆ 1900ರಲ್ಲಿ ಯಾರೋ ಕಲ್ಲಿದ್ದಲು ಸುಟ್ಟದ್ದಕ್ಕೆ ಇವತ್ತು ಹುಟ್ಟಿದ ಮಗು ಯಾಕೆ ಹೊಣೆ ಹೊರಬೇಕು?

ಇನ್ನೊಂದು ಸಂದೇಹವೂ ಇದೆ. ಇದು ಧರ್ಮಸಭೆಯ ಬೋಧನೆಯೋ, ಒಬ್ಬ ಪೋಪರ ಅಭಿಪ್ರಾಯವೋ? ಒಪ್ಪದಿದ್ದರೆ ತಪ್ಪಾಗುತ್ತದಾ?

ಹವಾಮಾನ ಬದಲಾಗುತ್ತಿದೆಯೋ ಇಲ್ಲವೋ ಅನ್ನುವ ಜಗಳ ಇಲ್ಲಿ ಬೇಡ. ಬದಲಾಗುತ್ತಿದೆ, ಅದಕ್ಕೆ ಮನುಷ್ಯರೇ ಮುಖ್ಯ ಕಾರಣ ಅಂತ ಒಪ್ಪಿಕೊಂಡೇ ಕೇಳುತ್ತಿದ್ದೇನೆ.

ಪುಟ ತಿರುವುವವ

ಒಳ್ಳೆಯ ಪ್ರಶ್ನೆ. ನಿಮ್ಮ ಸಂದೇಹಕ್ಕೆ ಸಭೆಯೊಳಗೇ ಆಧಾರ ಇದೆ. ಪೋಪ್ ಎರಡನೇ ಜಾನ್ ಪೌಲ್ 1984ರಲ್ಲಿ ಪಾಪನಿವೇದನೆ ಮತ್ತು ಸಂಧಾನದ ಬಗ್ಗೆ ಬರೆದ ಪ್ರಬೋಧನೆಯಲ್ಲಿ, ಒಂದು ಸಂಸ್ಥೆಯಾಗಲಿ ವ್ಯವಸ್ಥೆಯಾಗಲಿ ಸಮಾಜವಾಗಲಿ ತಾನೇ ಒಳ್ಳೆಯದು ಕೆಟ್ಟದ್ದು ಮಾಡುವ ಕರ್ತೃ ಅಲ್ಲ ಎಂದು ಹೇಳಿದ್ದಾರೆ. ಹಿಂದೆ ಯಾವಾಗಲೂ ಮನುಷ್ಯರ ಆಯ್ಕೆ ಇರುತ್ತದೆ. ಆದರೆ ಅವರೇ 1987ರಲ್ಲಿ 'ಪಾಪದ ವ್ಯವಸ್ಥೆಗಳು' ಅನ್ನುವ ಮಾತನ್ನು ವಿಸ್ತಾರವಾಗಿ ಬರೆದರು. ಒಬ್ಬೊಬ್ಬರ ದುರಾಸೆ, ಹೇಡಿತನ, ಕಂಡೂ ಕಾಣದ ಹಾಗಿರುವುದು, ಇವೆಲ್ಲ ಸೇರಿ ಗಟ್ಟಿಯಾಗುತ್ತಾ ಆಗುತ್ತಾ ಯಾರೂ ಒಬ್ಬರೇ ಅಲುಗಾಡಿಸಲಾಗದ ಒಂದು ಏರ್ಪಾಡಾಗುತ್ತದೆ. ಆಮೇಲೆ ಹುಟ್ಟಿದವರು ಅದರೊಳಗೇ ಬೆಳೆಯುತ್ತಾರೆ, ಅದೇ ಸಹಜ ಅಂದುಕೊಳ್ಳುತ್ತಾರೆ. ಸಭೆಯ ಅಧಿಕೃತ ಬೋಧನಾ ಗ್ರಂಥವಾದ ಕ್ಯಾಟೆಕಿಸಂನ 1869ನೇ ಅಂಶದಲ್ಲೂ ಇದೇ ಇದೆ.

ಈಗ ಯೆಹೆಜ್ಕೇಲನ ಮಾತಿಗೆ ಬರೋಣ. ಅವನು ಹೇಳುವುದು ದೋಷದ ಬಗ್ಗೆ. ಸಾಲ ಬೇರೆ ವಿಷಯ. ಅಪ್ಪ ಪಕ್ಕದವರ ಗದ್ದೆಯನ್ನು ಒತ್ತುವರಿ ಮಾಡಿಕೊಂಡು ಸತ್ತ ಅಂದುಕೊಳ್ಳಿ. ಮಗ ಒತ್ತುವರಿ ಮಾಡಲಿಲ್ಲ, ಆ ಪಾಪ ಅವನದ್ದಲ್ಲ. ಆದರೆ ವಿಷಯ ಗೊತ್ತಾದ ಮೇಲೂ ಅದೇ ಗದ್ದೆಯ ಭತ್ತ ಮನೆಗೆ ತರುತ್ತಿದ್ದರೆ? ಆ ಕ್ಷಣದಿಂದ ಅದು ಅವನದೇ ಪ್ರಶ್ನೆ ಆಗುತ್ತದೆ, ಅಲ್ವಾ?

ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಬರುವ ಸುಂಕದವನು ಜಕ್ಕಾಯನನ್ನು ನೆನಪಿಸಿಕೊಳ್ಳಿ. ಯೇಸು ಮನೆಗೆ ಬಂದದ್ದು ಅವನಿಗೆ ಸಂತೋಷ ತಂದಿತು. ಆದರೆ ಅವನು ಸಂತೋಷಪಟ್ಟು ಸುಮ್ಮನಾಗಲಿಲ್ಲ, ಯಾರಿಂದ ಏನು ಕಿತ್ತುಕೊಂಡಿದ್ದೇನೋ ಅದಕ್ಕೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಅಂದ. ಕ್ಷಮೆ ಬೇರೆ, ಹಿಂದಿರುಗಿಸುವುದು ಬೇರೆ, ಎರಡೂ ಬೇಕು ಅನ್ನುವುದು ಏಳನೇ ಕಟ್ಟಳೆಯ ('ಕದಿಯಬಾರದು') ಬಗ್ಗೆ ಸಭೆ ಮೊದಲಿನಿಂದ ಹೇಳಿಕೊಂಡು ಬಂದದ್ದೇ.

ಅದೇ ಏಳನೇ ಕಟ್ಟಳೆಯ ವಿವರಣೆಯಲ್ಲಿ ಕ್ಯಾಟೆಕಿಸಂನ 2439 ಇದೆ, ದಯವಿಟ್ಟು ತೆಗೆದು ಓದಿ. ತಾವಾಗಿಯೇ ಮುಂದೆ ಬರಲಾಗದ ದೇಶಗಳ ವಿಷಯದಲ್ಲಿ ಶ್ರೀಮಂತ ದೇಶಗಳಿಗೆ ಗಂಭೀರವಾದ ನೈತಿಕ ಹೊಣೆ ಇದೆ ಎನ್ನುತ್ತದೆ. ಇದು ಒಗ್ಗಟ್ಟಿನ ಕರ್ತವ್ಯ. ಆದರೆ ಆ ಶ್ರೀಮಂತಿಕೆ ನ್ಯಾಯವಾದ ಬೆಲೆ ಕೊಡದೆ ಪಡೆದ ಸಂಪತ್ತಿನಿಂದ ಬಂದದ್ದಾದರೆ, ಆಗ ಅದು ನ್ಯಾಯದ ಋಣವೇ ಆಗುತ್ತದೆ. ಇದು 1992ರ ಪುಸ್ತಕ. ಫ್ರಾನ್ಸಿಸ್ ಪೋಪ್ ಆಗುವುದಕ್ಕೆ ಎರಡು ದಶಕ ಮುಂಚೆಯೇ ಬಂದದ್ದು. ವಾತಾವರಣವನ್ನು ಬೆಲೆ ಕೊಡದೆ ಬಳಸಿದ ಸಂಪತ್ತು ಅಂತ ನೋಡಿದರೆ 'ಪರಿಸರದ ಸಾಲ' ಅನ್ನುವ ಮಾತು ಎಲ್ಲಿಂದ ಬಂತು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ.

2000ದ ಮಾರ್ಚ್‌ನಲ್ಲಿ ಎರಡನೇ ಜಾನ್ ಪೌಲ್ ಸಭೆಯ ಹಿಂದಿನ ತಪ್ಪುಗಳಿಗೆ ಬಹಿರಂಗವಾಗಿ ಕ್ಷಮೆ ಬೇಡಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಶತಮಾನಗಳ ಹಿಂದಿನವರು ಮಾಡಿದ್ದಕ್ಕೆ ಇವರೇಕೆ ಕ್ಷಮೆ ಕೇಳಬೇಕು? ಆಗ ದೈವಶಾಸ್ತ್ರಜ್ಞರ ಆಯೋಗ ಕೊಟ್ಟ ಉತ್ತರದ ಸಾರ ಇಷ್ಟೇ. ತಪ್ಪು ಮಾಡಿದವನ ಸ್ವಂತ ದೋಷ ಅವನ ಸಾವಿನೊಂದಿಗೆ ಮುಗಿಯುತ್ತದೆ, ಅದು ಮಕ್ಕಳಿಗೆ ಬರುವುದಿಲ್ಲ. ಆದರೆ ಅದರಿಂದಾದ ಗಾಯ ಉಳಿದುಕೊಂಡಿದ್ದರೆ ಅದನ್ನು ಸರಿಪಡಿಸುವ ಹೊಣೆ ಉಳಿಯುತ್ತದೆ. ಇಂಗಾಲದ ವಿಷಯದಲ್ಲಿ ಗಾಯ ಅಕ್ಷರಶಃ ಉಳಿದಿದೆ. ನೂರು ವರ್ಷದ ಹಿಂದೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನ ದೊಡ್ಡ ಪಾಲು ಇನ್ನೂ ಗಾಳಿಯಲ್ಲೇ ಇದೆ.

ಲೆಕ್ಕ ನೋಡುವವಳು

ಮೇಲಿನವರು ಬೋಧನೆ ಹೇಳಿದರು, ನಾನು ಅಂಕಿಗಳನ್ನು ಸ್ವಲ್ಪ ಇಡುತ್ತೇನೆ. ಇವಿಲ್ಲದೆ ಹೊಣೆ ಅನ್ನುವುದು ಬರೀ ಮಾತಾಗಿ ಉಳಿದುಬಿಡುತ್ತದೆ.

ಕೈಗಾರಿಕೆಗಳು ಬರುವ ಮೊದಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಪ್ರಮಾಣ ಸುಮಾರು 280 ಪಿಪಿಎಂ (ಹತ್ತು ಲಕ್ಷದಲ್ಲಿ 280 ಭಾಗ) ಇತ್ತು, ಈಗ 420 ದಾಟಿದೆ. ಇದನ್ನು ಏರಿಸಿದ್ದು ಯಾರು ಅಂತ ಲೆಕ್ಕ ಹಾಕಲು ಮೂರು ದಾರಿ ಇದೆ, ಜಗಳವೆಲ್ಲ ಇರುವುದು ಯಾವ ದಾರಿ ಹಿಡಿಯಬೇಕು ಅನ್ನುವುದರಲ್ಲೇ. ಮೊದಲಿನಿಂದ ಇಲ್ಲಿಯವರೆಗೆ ಬಿಟ್ಟ ಒಟ್ಟು ಹೊಗೆ ನೋಡಿದರೆ ಅಮೆರಿಕದ್ದೇ ಸುಮಾರು ಕಾಲು ಭಾಗ. ಭಾರತದ್ದು ಸುಮಾರು 3%. ಈಗ ವರ್ಷ ವರ್ಷ ಬಿಡುವುದನ್ನು ನೋಡಿದರೆ ಚೀನಾ ಎಲ್ಲರಿಗಿಂತ ಮುಂದಿದೆ, ಜಗತ್ತಿನ ಸುಮಾರು ಮೂರನೇ ಒಂದು ಭಾಗ ಅದರದ್ದೇ. ತಲೆಗೆ ಎಷ್ಟು ಅಂತ ನೋಡಿದರೆ ಚಿತ್ರ ಮತ್ತೆ ಬದಲಾಗುತ್ತದೆ.

ಫ್ರಾನ್ಸಿಸ್ 2023ರ ಅಕ್ಟೋಬರ್ 4ರಂದು ಹೊರಡಿಸಿದ 'ಲೌದಾತೆ ದೇಉಂ' ಪತ್ರದ ಕೊನೆಯಲ್ಲಿ ಹಿಡಿದದ್ದು ಈ ಮೂರನೇ ದಾರಿಯನ್ನು. ಅಮೆರಿಕದ ಒಬ್ಬ ವ್ಯಕ್ತಿ ಬಿಡುವ ಹೊಗೆ ಚೀನಾದ ಒಬ್ಬನದ್ದಕ್ಕಿಂತ ಸುಮಾರು ಎರಡು ಪಟ್ಟು, ಅತಿ ಬಡ ದೇಶಗಳ ಸರಾಸರಿಗಿಂತ ಸುಮಾರು ಏಳು ಪಟ್ಟು ಅಂತ ಅಲ್ಲಿ ಬರೆದಿದ್ದಾರೆ. ಒಂದು ದೇಶದ ಹೆಸರನ್ನು ಹೀಗೆ ನೇರವಾಗಿ ಎತ್ತಿ ಹೇಳಿದ್ದು ಕೆಲವರಿಗೆ ಕಸಿವಿಸಿ ಮಾಡಿತು. ನನಗೆ ಅದು ಸರಿ ಅನಿಸುತ್ತದೆ. ಹೆಸರು ಹೇಳದೆ 'ಮಾನವಕುಲ ತಪ್ಪು ಮಾಡಿದೆ' ಅಂದರೆ ಏನನ್ನೂ ಸುಡದವರೂ ಎಲ್ಲವನ್ನೂ ಸುಟ್ಟವರೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತಾರೆ. ಅದು ಸುಳ್ಳು.

1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲೇ ಒಂದು ತತ್ವ ಇದೆ: ಹೊಣೆ ಎಲ್ಲರದ್ದೂ, ಆದರೆ ಎಲ್ಲರಿಗೂ ಸಮ ಅಲ್ಲ. ಲೌದಾತೊ ಸಿಯ 52ನೇ ಪ್ಯಾರಾ ಇದನ್ನು ಹಾಗೆಯೇ ಎತ್ತಿಕೊಳ್ಳುತ್ತದೆ. ಅಲ್ಲೇ ಅಮೆರಿಕದ ಬಿಷಪರ ಮಾತೂ ಬರುತ್ತದೆ. ಬಲಿಷ್ಠರೇ ತುಂಬಿರುವ ಈ ಚರ್ಚೆಯಲ್ಲಿ ಬಡವರ, ದುರ್ಬಲರ ಅಗತ್ಯಕ್ಕೆ ಹೆಚ್ಚು ಗಮನ ಕೊಡಬೇಕು ಅಂತ ಅವರು 2001ರಲ್ಲೇ ಹೇಳಿದ್ದರು. ಅಂದರೆ ಆ ದೇಶದ ಬಿಷಪರೇ.

ಇನ್ನು ಹಣದ ವಿಷಯ. ನನಗೆ ಬಹಳ ನೋವು ಕೊಡುವುದು ಇದು. 2009ರಲ್ಲಿ ಕೋಪನ್‌ಹೇಗನ್ ಹವಾಮಾನ ಸಮ್ಮೇಳನದಲ್ಲಿ ಶ್ರೀಮಂತ ದೇಶಗಳು, ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ 2020ರ ಹೊತ್ತಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸುತ್ತೇವೆ ಅಂದವು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದೂ ಸರ್ಕಾರಗಳ ಮೂಲಕ ಹೋದ ಹಣದಲ್ಲಿ ಹೆಚ್ಚಿನ ಪಾಲು ಸಾಲದ ರೂಪದಲ್ಲಿ. ಯೋಚಿಸಿ ನೋಡಿ. ಚಂಡಮಾರುತಕ್ಕೆ ಮನೆ ಕಳೆದುಕೊಂಡ ದೇಶ ಆ ಮನೆ ಕಟ್ಟಲು, ಸಮುದ್ರ ಬೆಚ್ಚಗಾಗಲು ಹೆಚ್ಚು ಕಾರಣರಾದವರಿಂದಲೇ ಸಾಲ ತಂದು, ಬಡ್ಡಿ ಕಟ್ಟುತ್ತಾ ಕೂರಬೇಕು. ಯಾರು ಯಾರಿಗೆ ಸಾಲಗಾರರು ಅನ್ನುವುದೇ ಇಲ್ಲಿ ತಲೆಕೆಳಗಾಗಿದೆ. 2025ರ ಜೂಬಿಲಿ ವರ್ಷವನ್ನು ಘೋಷಿಸುವ ಪತ್ರದಲ್ಲಿ ಫ್ರಾನ್ಸಿಸ್ ತೀರಿಸಲಾಗದ ದೇಶಗಳ ಸಾಲ ಮನ್ನಾ ಮಾಡಿ ಎಂದು ಕೇಳಿಕೊಂಡು, ಅದೇ ಜಾಗದಲ್ಲಿ ಪರಿಸರದ ಸಾಲವನ್ನೂ ನೆನಪಿಸಿದರು. ಎರಡನ್ನೂ ಒಟ್ಟಿಗೆ ಇಟ್ಟದ್ದು ಸುಮ್ನೆ ಅಲ್ಲ.

ಮರುಪ್ರಶ್ನೆ

ಮೂವರಿಗೂ ಗೌರವದಿಂದಲೇ ಸ್ವಲ್ಪ ತಕರಾರು ಎತ್ತುತ್ತೇನೆ. ನಾನೂ ಕಥೋಲಿಕನೇ, ಹವಾಮಾನದ ವಿಜ್ಞಾನವನ್ನೂ ಒಪ್ಪುತ್ತೇನೆ.

ಲೌದಾತೊ ಸಿಯ 188ನೇ ಪ್ಯಾರಾದಲ್ಲಿ ಫ್ರಾನ್ಸಿಸರೇ ಹೇಳುತ್ತಾರೆ, ವಿಜ್ಞಾನದ ಪ್ರಶ್ನೆಗಳನ್ನು ತೀರ್ಮಾನಿಸುವುದಾಗಲಿ ರಾಜಕೀಯದ ಜಾಗದಲ್ಲಿ ಕೂರುವುದಾಗಲಿ ಸಭೆಯ ಉದ್ದೇಶ ಅಲ್ಲ, ಪ್ರಾಮಾಣಿಕವಾದ ತೆರೆದ ಚರ್ಚೆ ಬೇಕು ಅಂತ. ಹಾಗಾದರೆ ಯಾವ ದೇಶ ಎಷ್ಟು ಕೊಡಬೇಕು, ಎಷ್ಟು ಕಡಿಮೆ ಮಾಡಬೇಕು ಅನ್ನುವುದು ವಿವೇಕದಿಂದ ತೀರ್ಮಾನಿಸುವ ವಿಷಯ. ಅಲ್ಲಿ ಒಳ್ಳೆಯ ಕ್ರೈಸ್ತರು ಬೇರೆ ಬೇರೆ ಅಭಿಪ್ರಾಯ ಇಟ್ಟುಕೊಳ್ಳಬಹುದು.

ಎರಡನೆಯದು, 'ದೇಶ ಕೊಡಬೇಕು' ಅಂದಾಗ ನಿಜವಾಗಿ ಯಾರ ಜೇಬಿನಿಂದ ಹೋಗುತ್ತದೆ? ಶ್ರೀಮಂತ ದೇಶದಲ್ಲೂ ಬಡವರಿದ್ದಾರೆ. ಇಂಧನದ ಮೇಲೆ ತೆರಿಗೆ ಹಾಕಿದರೆ ದೂರದ ಕೆಲಸಕ್ಕೆ ಹಳೇ ಗಾಡಿಯಲ್ಲಿ ಹೋಗುವವನಿಗೇ ಮೊದಲು ಬಿಸಿ ತಟ್ಟುತ್ತದೆ. ಫ್ರಾನ್ಸ್‌ನಲ್ಲಿ 2018ರಲ್ಲಿ ಹಳದಿ ಜಾಕೆಟ್ ಹಾಕಿಕೊಂಡು ಜನ ಬೀದಿಗೆ ಬಂದದ್ದು ಇಂಧನ ತೆರಿಗೆಯ ಕಾರಣಕ್ಕೇ. ಗಣಿ ಮುಚ್ಚಿದರೆ ಗಣಿ ಕಾರ್ಮಿಕನ ಮನೆಯ ಒಲೆ ಆರುತ್ತದೆ. ಅವನ ಘನತೆಯೂ ಸಭೆಯ ಬೋಧನೆಯೇ ತಾನೇ?

ಮೂರನೆಯದು, ಪೋಪ್ ಹನ್ನೊಂದನೇ ಪಿಯುಸ್ 1931ರಲ್ಲಿ ಹೇಳಿದ್ದು ನೆನಪಿರಲಿ. ಕೆಳಗಿನ ಹಂತದವರು ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು. ಲೌದಾತೊ ಸಿಯ 175ರಲ್ಲಿ ಜಾಗತಿಕ ರಾಜಕೀಯ ಅಧಿಕಾರದ ಮಾತು ಬಂದಾಗ ನನಗೆ ಭಯವಾಗುತ್ತದೆ. ದೇಶಗಳ ಸ್ವಂತ ತೀರ್ಮಾನಕ್ಕೆ ಜಾಗ ಎಲ್ಲಿ ಉಳಿಯುತ್ತದೆ?

ಪುಟ ತಿರುವುವವ

@ಮರುಪ್ರಶ್ನೆ ಸರ್, ಕಾರ್ಮಿಕನ ಬಗ್ಗೆ ಹೇಳಿದ್ದು ಪೂರ್ತಿ ನಿಜ. ಅದನ್ನು ಬಿಟ್ಟು ಮಾಡುವ ಹವಾಮಾನ ನೀತಿ ನ್ಯಾಯವಾದದ್ದು ಆಗಲಾರದು. ಆದರೆ ಅದರಿಂದ ಹೊರಡುವ ತೀರ್ಮಾನ 'ದೇಶಕ್ಕೆ ಹೊಣೆ ಇಲ್ಲ' ಅಂತ ಅಲ್ಲ. ದೇಶ ತನ್ನೊಳಗೆ ಹೊರೆ ಹಂಚುವಾಗಲೂ ಯಾರು ಹೆಚ್ಚು ಸುಟ್ಟರೋ ಅವರ ಮೇಲೆ ಹೆಚ್ಚು ಹಾಕಬೇಕು ಅನ್ನುವುದೇ ಅಲ್ಲವೇ? ದೇಶದೇಶಗಳ ನಡುವೆ ಕೇಳುವ ನ್ಯಾಯವನ್ನೇ ಒಂದು ದೇಶದ ಒಳಗೂ ಕೇಳುವುದು.

ಬಡ ದೇಶಗಳಿಗೂ ಇದು ಅನ್ವಯ. ಲೌದಾತೊ ಸಿಯ 172ನೇ ಪ್ಯಾರಾವನ್ನು ಜನ ಅರ್ಧ ಓದಿ ಬಿಡುತ್ತಾರೆ. ಬಡ ದೇಶಗಳ ಮೊದಲ ಕೆಲಸ ಕಡುಬಡತನ ಹೋಗಲಾಡಿಸುವುದು ಅಂತ ಅಲ್ಲಿದೆ, ಅದನ್ನು ಎಲ್ಲರೂ ಖುಷಿಯಿಂದ ಎತ್ತಿ ತೋರಿಸುತ್ತಾರೆ. ಅದರ ಬೆನ್ನಿಗೇ, ಆ ದೇಶಗಳು ತಮ್ಮೊಳಗಿನ ಅನುಕೂಲಸ್ಥರ ಮಿತಿಮೀರಿದ ಭೋಗವನ್ನೂ ನೋಡಬೇಕು, ಭ್ರಷ್ಟಾಚಾರವನ್ನು ಗಟ್ಟಿಯಾಗಿ ಎದುರಿಸಬೇಕು ಅಂತಲೂ ಇದೆ. ತಲಾ ಸರಾಸರಿ ಕಡಿಮೆ ಅನ್ನುವ ನೆರಳಲ್ಲಿ ಬಡ ದೇಶದ ಶ್ರೀಮಂತ ಅಡಗಿಕೊಳ್ಳುವ ಹಾಗಿಲ್ಲ. ಅವನ ಸರಾಸರಿ ಕಡಿಮೆ ಇರುವುದು ಕರೆಂಟೇ ಇಲ್ಲದ ಮನೆಯವರು ಅದೇ ಲೆಕ್ಕದಲ್ಲಿ ಇರುವುದರಿಂದ.

ಜಾಗತಿಕ ಅಧಿಕಾರದ ಮಾತು ಫ್ರಾನ್ಸಿಸರ ಹೊಸ ಕಲ್ಪನೆ ಅಲ್ಲ. ಪೋಪ್ ಇಪ್ಪತ್ತಮೂರನೇ ಜಾನ್ 1963ರಲ್ಲೇ ಇದನ್ನು ಬರೆದರು. ಪೋಪ್ ಹದಿನಾರನೇ ಬೆನೆಡಿಕ್ಟ್ 2009ರ ತಮ್ಮ ಪತ್ರದಲ್ಲಿ ಮತ್ತೆ ಹೇಳಿದರು, 175ನೇ ಪ್ಯಾರಾ ಅವರನ್ನೇ ಉಲ್ಲೇಖಿಸುತ್ತದೆ. ಆ 2009ರ ಪತ್ರದಲ್ಲೇ ಬೆನೆಡಿಕ್ಟ್, ತಂತ್ರಜ್ಞಾನದಲ್ಲಿ ಮುಂದಿರುವ ಸಮಾಜಗಳು ತಮ್ಮ ಇಂಧನ ಬಳಕೆಯನ್ನು ಕಡಿಮೆ ಮಾಡಬಲ್ಲವು, ಮಾಡಲೇಬೇಕು ಎಂದಿದ್ದಾರೆ. ಪಿಯುಸ್ ಹೇಳಿದ ತತ್ವಕ್ಕೂ ಎರಡು ಮುಖ ಇದೆ. ಕೆಳಗಿನವರು ಮಾಡಬಲ್ಲದ್ದನ್ನು ಮೇಲಿನವರು ಕಿತ್ತುಕೊಳ್ಳಬಾರದು, ಸರಿ. ಕೆಳಗಿನವರು ಒಬ್ಬರೇ ಮಾಡಲಾಗದ್ದಕ್ಕೆ ಮೇಲಿನವರು ನೆರವಾಗಲೇಬೇಕು, ಅದೂ ಅಷ್ಟೇ ಸರಿ. ಮುಳುಗುತ್ತಿರುವ ದ್ವೀಪದೇಶ ತನ್ನ ಹೊಗೆಯನ್ನು ಸೊನ್ನೆಗೆ ಇಳಿಸಿದರೂ ಸಮುದ್ರ ಹಿಂದೆ ಸರಿಯುವುದಿಲ್ಲ.

ಇದೊಂದು ಕಡೆಯ ಗುಂಪಿನ ಮಾತು ಅನ್ನಬೇಡಿ. ಫಿಲಿಪ್ಪೀನ್ಸ್ ಬಿಷಪರು 1988ರಲ್ಲೇ ತಮ್ಮ ನಾಡಿನ ಕಾಡು, ನದಿ, ಕಡಲು ಹಾಳಾಗುತ್ತಿರುವ ಬಗ್ಗೆ ಪತ್ರ ಬರೆದರು. ಲೌದಾತೊ ಸಿಯ 170ರಲ್ಲಿ ಬೊಲಿವಿಯಾದ ಬಿಷಪರು ಮಾತಾಡುತ್ತಾರೆ: ಹೊಗೆ ಬಿಟ್ಟು ಕೈಗಾರಿಕೆ ಬೆಳೆಸಿಕೊಂಡು ಲಾಭ ಪಡೆದ ದೇಶಗಳಿಗೆ ಪರಿಹಾರ ಒದಗಿಸುವ ಹೊಣೆಯೂ ಹೆಚ್ಚು ಅನ್ನುವುದು ಅವರ ಮಾತಿನ ತಿರುಳು. 2025ರ ಜುಲೈನಲ್ಲಿ ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ಬಿಷಪರ ಒಕ್ಕೂಟಗಳು ಒಟ್ಟಾಗಿ, ಬ್ರೆಜಿಲ್‌ನ ಬೆಲೆಂ ಹವಾಮಾನ ಸಮ್ಮೇಳನಕ್ಕೆ ಮುಂಚೆ, ಹವಾಮಾನ ನ್ಯಾಯಕ್ಕಾಗಿ ಒಂದು ಕರೆ ಹೊರಡಿಸಿ ಪೋಪ್ ಹದಿನಾಲ್ಕನೇ ಲಿಯೋ ಅವರ ಕೈಗೆ ಕೊಟ್ಟವು. ಸಭೆಯ ಹೆಚ್ಚಿನ ಜನ ಇವತ್ತು ಇರುವುದು ಆ ಮೂರು ಖಂಡಗಳಲ್ಲೇ.

@ಸಂಜೆಗಾಳಿ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ತಿಳುವಳಿಕೆ ಹೇಳುತ್ತೇನೆ. ಭೂಮಿಯ ಸಂಪತ್ತು ಎಲ್ಲರಿಗಾಗಿ ಇದೆ, ಬಡವರ ಕಡೆಗೆ ಮೊದಲ ಒಲವು ಇರಬೇಕು, ಹಾನಿ ಮಾಡಿದವರು ಸರಿಪಡಿಸಬೇಕು, ಇವು ಬೋಧನೆ. ಇವನ್ನು ಇಷ್ಟ ಇದ್ದರೆ ಒಪ್ಪುವುದು ಅಂತಿಲ್ಲ. ತೆರಿಗೆ ಎಷ್ಟು, ಸೌರಶಕ್ತಿಯೋ ಅಣುಶಕ್ತಿಯೋ, ಯಾವ ವರ್ಷದೊಳಗೆ ಅನ್ನುವುದರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಇಂಗಾಲದ ಕ್ರೆಡಿಟ್ (ಹೊಗೆ ಬಿಡುವ ಹಕ್ಕಿನ) ಮಾರಾಟವನ್ನು ಫ್ರಾನ್ಸಿಸ್ ಲೌದಾತೊ ಸಿಯ 171ರಲ್ಲಿ ಅನುಮಾನದಿಂದ ನೋಡುತ್ತಾರೆ, ಅದರಿಂದ ಹೊಸ ಬಗೆಯ ಸಟ್ಟಾ ಹುಟ್ಟಬಹುದು ಅಂತ. ಅದನ್ನು ಒಪ್ಪದ ಅರ್ಥಶಾಸ್ತ್ರಜ್ಞ ಸಭೆಯ ಹೊರಗೇನೂ ಹೋಗುವುದಿಲ್ಲ. ಆದರೆ ವಿವೇಕ ಅನ್ನುವುದು ಹೇಗೆ ಮಾಡಬೇಕು ಅಂತ ಕೇಳುವ ಗುಣ. ಏನೂ ಮಾಡದಿರಲು ಅದನ್ನು ನೆಪ ಮಾಡಿಕೊಳ್ಳಬಾರದು.

ಮರುಪ್ರಶ್ನೆ

ಕೊನೆಯ ಮಾತು ಒಪ್ಪಿದೆ. ದೇಶದ ಒಳಗಿನ ಹಂಚಿಕೆಯ ಬಗ್ಗೆ ಹೇಳಿದ್ದೂ ಸರಿ. ಜಾಗತಿಕ ಅಧಿಕಾರದ ಬಗ್ಗೆ ನನ್ನ ಭಯ ಮಾತ್ರ ಹಾಗೆಯೇ ಇದೆ. ಬಲಿಷ್ಠ ದೇಶ ಒಪ್ಪಂದದಿಂದ ಹೊರಗೆ ನಡೆದುಬಿಡುತ್ತದೆ, ದುರ್ಬಲ ದೇಶ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಅಮೆರಿಕ 2020ರಲ್ಲಿ ಹೊರಬಂದು, 2021ರಲ್ಲಿ ಮರಳಿ ಸೇರಿ, 2025ರಲ್ಲಿ ಮತ್ತೆ ಹೊರಡುತ್ತೇನೆ ಅಂದಿತು. ಯಾರು ಏನು ಮಾಡಿದರು?

ಸಂಜೆಗಾಳಿ

ಇಷ್ಟು ಒಳ್ಳೆಯ ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ದೋಷ ಬೇರೆ, ಸಾಲ ಬೇರೆ ಅನ್ನುವುದು ನನಗೆ ಬೇಕಿದ್ದ ಎಳೆ. 2439 ಓದಿದೆ, ನಿಜಕ್ಕೂ ಅಷ್ಟು ನೇರವಾಗಿದೆ.

ಒಂದು ಕೇಳಲಾ? ವ್ಯಾಟಿಕನ್ ಕೂಡ ಒಂದು ದೇಶವೇ. ಬೇರೆ ದೇಶಗಳಿಗೆ ಹೇಳುವ ಅದು ತಾನೇನು ಮಾಡುತ್ತಿದೆ?

ಲೆಕ್ಕ ನೋಡುವವಳು

ನ್ಯಾಯವಾದ ಪ್ರಶ್ನೆ. 2008ರಲ್ಲಿ, ಬೆನೆಡಿಕ್ಟರ ಕಾಲದಲ್ಲೇ, ವ್ಯಾಟಿಕನ್‌ನ ಆರನೇ ಪೌಲ್ ಸಭಾಂಗಣದ ಮಾಡಿನ ಮೇಲೆ ಎರಡು ಸಾವಿರಕ್ಕೂ ಹೆಚ್ಚು ಸೋಲಾರ್ ಫಲಕ ಹಾಕಿದರು. 2050ರೊಳಗೆ ನೆಟ್ ಝೀರೋ (ಬಿಟ್ಟಷ್ಟು ಹೊಗೆಯನ್ನು ಹೀರಿಕೊಂಡು ಲೆಕ್ಕ ಸೊನ್ನೆ ಮಾಡುವ) ಗುರಿ ಮುಟ್ಟುತ್ತೇವೆ ಅಂತ 2020ರಲ್ಲಿ ಫ್ರಾನ್ಸಿಸ್ ಘೋಷಿಸಿದರು. 2022ರಲ್ಲಿ ಪವಿತ್ರ ಪೀಠ (ಪೋಪರ ಆಡಳಿತ) ವಿಶ್ವಸಂಸ್ಥೆಯ ಹವಾಮಾನ ಒಪ್ಪಂದಕ್ಕೂ ಪ್ಯಾರಿಸ್ ಒಪ್ಪಂದಕ್ಕೂ ಅಧಿಕೃತವಾಗಿ ಸೇರಿತು. 2024ರ ಜೂನ್‌ನಲ್ಲಿ ರೋಮ್ ಹೊರವಲಯದ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿರುವ ತಮ್ಮ ಜಮೀನಿನಲ್ಲಿ, ಬೇಸಾಯವೂ ನಡೆಯುವ ಹಾಗೆ ಸೌರ ಘಟಕ ಕಟ್ಟಿ, ವ್ಯಾಟಿಕನ್ ನಗರಕ್ಕೆ ಬೇಕಾದ ವಿದ್ಯುತ್ತನ್ನೆಲ್ಲ ಅಲ್ಲಿಂದಲೇ ಪಡೆಯಬೇಕು ಅಂತ ಫ್ರಾನ್ಸಿಸ್ ಆದೇಶ ಹೊರಡಿಸಿದರು. ಜಗತ್ತಿನ ಲೆಕ್ಕದಲ್ಲಿ ಇದು ಚೂರೇ ಚೂರು. ಆದರೂ ನಮ್ಮದು ಚಿಕ್ಕ ದೇಶ, ನಾವು ಕಡಿಮೆ ಮಾಡಿದರೆ ಏನಾಗುತ್ತದೆ ಅನ್ನುವ ಮಾತನ್ನು ಜಗತ್ತಿನಲ್ಲೇ ಅತಿ ಚಿಕ್ಕ ದೇಶ ಹೇಳಲಿಲ್ಲ ಅನ್ನುವುದು ನನಗೆ ಮುಖ್ಯ.

ಹಣದ ಬಗ್ಗೆ ಇನ್ನೊಂದು ಸೇರಿಸುತ್ತೇನೆ. ಪೋಪ್ ಆರನೇ ಪೌಲ್ 1964ರಲ್ಲಿ ಮುಂಬೈಗೆ ಬಂದಾಗ, ದೇಶಗಳು ಶಸ್ತ್ರಾಸ್ತ್ರಕ್ಕೆ ಹಾಕುವ ಹಣದಲ್ಲಿ ಒಂದು ಪಾಲು ತೆಗೆದು ಬಡವರಿಗಾಗಿ ಜಾಗತಿಕ ನಿಧಿ ಮಾಡಿ ಅಂತ ಕೇಳಿದ್ದರು. 2023ರ ಡಿಸೆಂಬರ್‌ನಲ್ಲಿ ದುಬೈ ಹವಾಮಾನ ಸಮ್ಮೇಳನಕ್ಕೆ ಫ್ರಾನ್ಸಿಸ್ ಅನಾರೋಗ್ಯದಿಂದ ಹೋಗಲಾಗಲಿಲ್ಲ. ಕಾರ್ಡಿನಲ್ ಪರೋಲಿನ್ ಓದಿದ ಅವರ ಭಾಷಣದಲ್ಲಿ ಅದೇ ಕೋರಿಕೆ ಮತ್ತೆ ಬಂತು, ಈ ಸಲ ಹಸಿವಿನ ಜೊತೆ ಹವಾಮಾನವನ್ನೂ ಸೇರಿಸಿ. ಸುಮಾರು ಅರವತ್ತು ವರ್ಷದಿಂದ ಒಂದೇ ಮಾತು ಕೇಳುತ್ತಿದ್ದಾರೆ.

@ಮರುಪ್ರಶ್ನೆ ಸರ್, ಒಪ್ಪಂದ ಬಿಟ್ಟು ಹೋದವರನ್ನು ಯಾರೂ ತಡೆಯಲಾಗಲಿಲ್ಲ ಅನ್ನುವುದು ನಿಜ. ಆದರೆ 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ, ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನಿನ ಕರ್ತವ್ಯ, ಅದನ್ನು ಮೀರಿ ಹಾನಿ ಮಾಡಿದರೆ ಪರಿಹಾರ ಕೊಡಬೇಕಾಗಿಯೂ ಬರಬಹುದು ಅಂತ ಸಲಹಾ ಅಭಿಪ್ರಾಯ ಕೊಟ್ಟಿತು. ವಿಶ್ವಸಂಸ್ಥೆಯಲ್ಲಿ ಆ ಪ್ರಶ್ನೆಯನ್ನು ಮುಂದೆ ನಿಂತು ಎತ್ತಿದ್ದು ವನುವಾಟು ಅನ್ನುವ ಪುಟ್ಟ ದ್ವೀಪದೇಶ. ಇಲ್ಲಿ ಬಲಿಷ್ಠರು ದುರ್ಬಲರನ್ನು ಸಿಕ್ಕಿಸಲಿಲ್ಲ, ದುರ್ಬಲರೇ ಬಾಗಿಲು ತಟ್ಟಿದರು. ನಿಮ್ಮ ಭಯಕ್ಕೆ ಇದು ಪೂರ್ತಿ ಉತ್ತರ ಅಲ್ಲ ಅಂತ ನನಗೂ ಗೊತ್ತು. ಆ ಅಭಿಪ್ರಾಯವನ್ನು ಒಮ್ಮೆ ಓದಿ, ಎಲ್ಲಿ ಒಪ್ಪಿಗೆ ಇಲ್ಲ ಅಂತ ಬರೆಯಿರಿ, ಅಲ್ಲಿಂದ ಮುಂದುವರಿಸೋಣ.